ಅಂಟಮ್ಮನ ಹನ್ನೊಂದು ಬಟ್ಟಲು

ನಮ್ಮ ಮ್ಯೂಸಿಯಂನ ಟಿಕೆಟ್ ಕೌಂಟರಿನಲ್ಲಿ ನಾನು ಕೂತು ಹನ್ನೆರಡು ವರ್ಷವಾಯಿತು. ಟಿಕೆಟ್ ಹರಿದು ಕೊಡುವುದು ನನ್ನ ಎರಡನೇ ಕೆಲಸ. ಬಂದವರ ಪ್ರಶ್ನೆಗಳಿಗೆ ಸಿಟ್ಟು ಮಾಡಿಕೊಳ್ಳದೆ ಉತ್ತರ ಕೊಡುವುದು ಮೊದಲನೆಯದು, ಅದರಲ್ಲಿ ನಾನು ಅಷ್ಟಕ್ಕಷ್ಟೇ. ಶೌಚಾಲಯ ಎಲ್ಲಿ, ಫೋಟೋ ತೆಗೆಯಬಹುದಾ, ಒಳಗೆ ಫ್ಯಾನ್ ಇದೆಯಾ. ಇವೆಲ್ಲ ಮುಗಿದ ಮೇಲೆ ಕೆಲವರು ಟಿಕೆಟ್ಟಿನ ಮೇಲಿನ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳುತ್ತಿದ್ದರು. "ಈ ಬಟ್ಟಲುಗಳು ನಿಜವಾಗ್ಲೂ ಹಳೇವಾ? ನಿನ್ನೆ ಅಂಗಡಿಯಿಂದ ತಂದ ಹಾಗಿವೆಯಲ್ಲ!"

ಆ ಮಾತು ಬಂದ ದಿನ ಊಟದ ಬಿಡುವಿನಲ್ಲಿ ನಾನು ಹಿಂದಿನ ಕೋಣೆಗೆ ಹೋಗಿ ಅದನ್ನು ಚಿಕ್ಕಮ್ಮನಿಗೆ ಮುಟ್ಟಿಸುತ್ತಿದ್ದೆ. ಅವಳು ಕೆಲಸದಿಂದ ತಲೆ ಎತ್ತುತ್ತಿರಲಿಲ್ಲ. "ಹೌದಾ" ಎನ್ನುತ್ತಿದ್ದಳು, ಅಷ್ಟೇ. ಆದರೆ ಅವಳ ಕಿವಿ ಕೆಂಪಾಗುತ್ತಿತ್ತು. ಹೊಗಳಿದರೆ ಕಿವಿ ಕೆಂಪಾಗುವ ಹೆಂಗಸು ನಮ್ಮ ಮನೆತನದಲ್ಲಿ ಅವಳೊಬ್ಬಳೇ. ಉಳಿದ ನಾವೆಲ್ಲ ಹೊಗಳಿಕೆ ಸಾಲದೆಂದು ಮುನಿಸಿಕೊಳ್ಳುವವರು.

ಅವಳು ನನ್ನ ತಾಯಿಯ ತಂಗಿ. ಒಡೆದ ಮಡಕೆಗಳನ್ನು ಜೋಡಿಸುವುದು ಅವಳ ಉದ್ಯೋಗ. ಬೆರಳ ತುದಿಗೆ ಸದಾ ಅಂಟು ಮೆತ್ತಿಕೊಂಡಿರುತ್ತಿತ್ತು, ಊಟಕ್ಕೆ ಮುಂಚೆ ಅದನ್ನು ಸಿಪ್ಪೆಯ ಹಾಗೆ ಸುಲಿದು ಕಾಗದದ ಮೇಲಿಡುತ್ತಿದ್ದಳು. ಹಾಗಾಗಿ ಕಾವಲುಗಾರನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ಅಂಟಮ್ಮ. ಮುಖ್ಯ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ ನಿಂತ ಗಾಜಿನ ಪೆಟ್ಟಿಗೆಯ ಹನ್ನೊಂದು ಕಪ್ಪು ಬಟ್ಟಲುಗಳು ಅವಳವು. ಅವಳವು ಎಂದರೆ, ಎರಡೂವರೆ ಸಾವಿರ ವರ್ಷದ ಹಿಂದೆ ಯಾವನೋ ಕುಂಬಾರ ಮಾಡಿದ್ದು, ಯಾರೋ ಒಡೆದದ್ದು, ಇವಳು ಮತ್ತೆ ಮಾಡಿದ್ದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ದೊಣ್ಣೆಯ ಆ ನಿಮಿಷವನ್ನು ಸರಿಪಡಿಸುವುದಕ್ಕೆ ಎಷ್ಟು ವರುಷ ಬೇಕೆಂದು ಗಾದೆ ಕಟ್ಟಿದವರು ಯೋಚಿಸಲಿಲ್ಲ.

ಈ ಕತೆ ಅವಳು ನಿವೃತ್ತಳಾಗುವುದಕ್ಕೆ ಮೂರು ವಾರವಿದ್ದಾಗ ಆದದ್ದು. ಆದರೆ ಅದರ ಬೇರು ಅವಳ ಮೊದಲ ಬಟ್ಟಲಿನಲ್ಲಿದೆ. ಅಲ್ಲಿಂದಲೇ ಹೇಳುತ್ತೇನೆ.

ಊರಿನಿಂದ ಬಸ್ಸಿನಲ್ಲಿ ಎರಡು ಗಂಟೆಯ ದೂರಕ್ಕೆ ಬೋಳುನೆತ್ತಿಯ ಒಂದು ಬೆಟ್ಟವಿದೆ. ಮೂವತ್ತೊಂದು ವರ್ಷದ ಹಿಂದೆ, ಈಗಿನ ದೊಡ್ಡ ಸಾಹೇಬರು ಇನ್ನೂ ಚಿಕ್ಕ ಸಾಹೇಬರಾಗಿದ್ದಾಗ, ಅದರ ನೆತ್ತಿಯ ಮೇಲೆ ತಮ್ಮ ಮೊದಲ ಉತ್ಖನನ ಮಾಡಿದರು. ಮೂರು ತಿಂಗಳು ಅಗೆದರೆ ಸಿಕ್ಕಿದ್ದು ಒಂದಡಿ ದಪ್ಪದ ಬೂದಿ, ಬೂದಿಯ ತುಂಬ ಕಪ್ಪು ಮಡಕೆ ಚೂರು. ಚಿನ್ನವಿಲ್ಲ, ಶಾಸನವಿಲ್ಲ, ಕೆತ್ತಿದ ಒಂದು ಕಲ್ಲೂ ಇಲ್ಲ. "ಬೆಟ್ಟ ಅಗೆದು ಇಲಿ ಹಿಡಿದ್ವಿ ನೋಡಿ" ಎಂದು ಇವತ್ತಿಗೂ ಅವರು ತಮ್ಮನ್ನು ತಾವೇ ಆಡಿಕೊಳ್ಳುತ್ತಾರೆ. ಆ ಇಲಿ ಅರವತ್ತು ಚೀಲಗಳಷ್ಟಿತ್ತು. ಚೀಲಗಳೆಲ್ಲ ಮ್ಯೂಸಿಯಂನ ಹಿತ್ತಲಿಗೆ ಬಂದವು. ತೊಳೆಯಲು ದಿನಗೂಲಿಯ ಮೇಲೆ ಆರು ಹೆಂಗಸರು ಬಂದರು. ಆರನೆಯವಳು ಚಿಕ್ಕಮ್ಮ.

ಬಕೆಟ್ಟಿನ ಮುಂದೆ ಮಣೆಯ ಮೇಲೆ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಚೂರನ್ನು ಉಜ್ಜಿ, ಜಾಲರಿಯ ತಟ್ಟೆಯ ಮೇಲೆ ಒಣಗಲು ಇಡುವುದು ಕೆಲಸ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯ ಮೊದಲರ್ಧ ಮಾತ್ರ ತಮ್ಮ ಪಾಲಿಗೆ ಬಂದಿದೆ ಎಂದು ಉಳಿದ ಐವರು ನಗುತ್ತಾ ಹರಟುತ್ತಿದ್ದರು. ಇವಳು ಹರಟುತ್ತಿರಲಿಲ್ಲ. ಸೋಮವಾರ ತೊಳೆದ ಚೂರೊಂದರ ಮುರಿದ ಬದಿ ಗುರುವಾರ ಕೈಗೆ ಬಂದ ಚೂರಿನಲ್ಲಿ ಇದೆ ಎಂದು ಇವಳ ಬೆರಳಿಗೆ ತಾನಾಗಿ ತಿಳಿಯುತ್ತಿತ್ತಂತೆ. ಊಟದ ಬಿಡುವಿನಲ್ಲಿ ಮರಗೆಲಸದವನಿಂದ ಸ್ವಲ್ಪ ಅಂಟು ಬೇಡಿದಳು. ಒಂದು ತಟ್ಟೆಗೆ ಮರಳು ತುಂಬಿಕೊಂಡಳು. ಅಂಟಿಸಿದ ಚೂರುಗಳನ್ನು ಮರಳಿನಲ್ಲಿ ನೆಟ್ಟರೆ ಒಣಗುವ ತನಕ ಅಲುಗದೆ ನಿಲ್ಲುತ್ತವೆ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಮೂರು ವಾರದಲ್ಲಿ ಒಂದು ಬಟ್ಟಲಾಯಿತು. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, ಬಾಯಿಯ ಸುತ್ತ ಅಲೆಯಲೆಯಾಗಿ ಗೀರಿದ ಒಂದು ಗೆರೆ, ಮಣ್ಣಿನಲ್ಲಿ ಕಾಗೆಬಂಗಾರದ ಪುಡಿ ಮಿಣಮಿಣ ಅನ್ನುತ್ತದೆ. ಆದರೆ ಅಂಚಿನಲ್ಲಿ ಎರಡು ಬೆರಳಗಲದ ಒಂದು ಚೂರಿಲ್ಲ. ಅರವತ್ತು ಚೀಲ ಸೋಸಿದರೂ ಅದು ಸಿಗಲಿಲ್ಲ. ಗೋಡೆ ರಿಪೇರಿಯವರು ಬಿಟ್ಟುಹೋದ ಪ್ಲಾಸ್ಟರ್ ಕಲಸಿ ಆ ಜಾಗ ತುಂಬಿದಳು, ಮೇಲೆ ಮಸಿ ಬಳಿದಳು. ಬಂದದ್ದು ಗಂಟುಗಂಟು, ಹಲ್ಲುನೋವಿನವನ ಊದಿದ ಕೆನ್ನೆಯ ಹಾಗೆ. ಅದನ್ನೇ ಸಾಹೇಬರು ಕಂಡರು. ಕಿಟಕಿಯ ಬೆಳಕಿಗೆ ಒಯ್ದು ತಿರುತಿರುಗಿಸಿ ನೋಡಿದರು.

"ನಾಳೆಯಿಂದ ನೀವು ತೊಳೆಯೋದು ಬೇಡ, ಜೋಡಿಸಿ" ಅಂದರು. "ಆದ್ರೆ ನನಗೆ ಪೂರ್ತಿ ಬಟ್ಟಲು ಬೇಕು. ಜನ ಬರೋದು ತೂತು ನೋಡೋದಕ್ಕಲ್ಲ."

ಮಡಕೆಯ ಮೇಲಿನ ಆಸೆಯೋ, ಆ ಒಂದು ಮಾತಿನ ಮೇಲಿನ ನಿಯತ್ತೋ, ಮುಂದಿನ ನಾಲ್ಕು ವರ್ಷದಲ್ಲಿ ಹತ್ತು ಬಟ್ಟಲು ಎದ್ದು ನಿಂತವು. ಆ ಹೊತ್ತಿಗೆ ಅವಳ ಕೈಗೊಂದು ಉಪಕರಣವೂ ಬಂದಿತ್ತು. ನಮ್ಮ ಚಿಕ್ಕಪ್ಪ ಬಸ್ ಡಿಪೋದಲ್ಲಿ ಫಿಟ್ಟರ್. ಅಲ್ಲಿಂದ ಬೆರಳುದ್ದದ ಒಂದು ಅರ ತಂದುಕೊಟ್ಟಿದ್ದರು. ಕಬ್ಬಿಣ ಉಜ್ಜಿ ನಯ ಮಾಡುವ ಅರ. ಒಡೆದ ಮಡಕೆಯ ಅಂಚು ಒರಟು, ಅದಕ್ಕೆ ಪ್ಲಾಸ್ಟರ್ ತಾಗಿಸಿದರೆ ಸಂದು ಎದ್ದು ಕಾಣುತ್ತದೆ. ಅಂಚನ್ನು ಅರದಿಂದ ಒಂದಿಷ್ಟು ಉಜ್ಜಿಬಿಟ್ಟರೆ ಪ್ಲಾಸ್ಟರ್ ಸರಾಗವಾಗಿ ಕೂರುತ್ತದೆ, ಎಲ್ಲಿ ಹಳೆಯದು ಮುಗಿದು ಹೊಸದು ಶುರುವಾಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ. ಅವಳ ಪರೀಕ್ಷೆ ಒಂದೇ: ಕಣ್ಣು ಮುಚ್ಚಿ, ತೋರುಬೆರಳಿನ ಉಗುರನ್ನು ಸಂದಿನ ಮೇಲೆ ಎಳೆಯಬೇಕು. ಉಗುರು ಎಲ್ಲೂ ಸಿಕ್ಕಿಕೊಳ್ಳಬಾರದು.

ಹತ್ತೂ ಬಟ್ಟಲುಗಳಲ್ಲಿ ಅಂಚಿನ ಒಂದೊಂದು ಚೂರು ಇರಲಿಲ್ಲ. "ಅಗೆಯೋರು ಕಣ್ಣು ಮುಚ್ಕೊಂಡು ಅಗೆದಿದ್ದಾರೆ" ಎಂದು ಅವಳು ಬೈದುಕೊಂಡಳು. ಹತ್ತನ್ನೂ ಉಜ್ಜಿದಳು, ತುಂಬಿದಳು, ಬಣ್ಣ ಹಚ್ಚಿದಳು. ಹನ್ನೊಂದು ಪೂರ್ತಿ ಬಟ್ಟಲುಗಳ ಫೋಟೋ ಸಾಹೇಬರ ಪುಸ್ತಕದಲ್ಲಿ ಬಂತು. ಬೆಟ್ಟದ ನೆತ್ತಿ ಕುರಿ ಕಾಯುವವರ ತಂಗುದಾಣವಾಗಿತ್ತು ಎಂದು ಪುಸ್ತಕ ಹೇಳಿತು. ಹನ್ನೊಂದಕ್ಕೂ ಅಂಚಿನ ಒಂದೊಂದು ಚೂರಿಲ್ಲದ ಸಂಗತಿ ಅದರಲ್ಲಿ ಎಲ್ಲೂ ಇರಲಿಲ್ಲ, ಏಕೆಂದರೆ ಅದು ಸಾಹೇಬರಿಗೇ ಗೊತ್ತಿರಲಿಲ್ಲ. ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಪೆಟ್ಟಿಗೆಯಲ್ಲಿ ಹತ್ತು ಚೆಂದದವು ಮುಂದೆ ನಿಂತವು. ಮೊದಲನೆಯದು, ಆ ಊದಿದ ಕೆನ್ನೆಯದು, ಹಿಂದಿನ ಸಾಲಿನಲ್ಲಿ ಕೆನ್ನೆಯನ್ನು ಗೋಡೆಗೆ ತಿರುಗಿಸಿಕೊಂಡು ನಿಂತಿತು.

ದೂರದ ಬೆಟ್ಟ ನುಣ್ಣಗೆ. ಹತ್ತಿರದಿಂದ ನೋಡುವವರು ಬರುವ ತನಕ ಎಲ್ಲವೂ ನುಣ್ಣಗೆ.

ಹತ್ತಿರದಿಂದ ನೋಡುವವರು ಎರಡು ವರ್ಷದ ಹಿಂದೆ ಬಂದರು. ನಾವು ಹೊಸ ಮೇಡಂ ಅನ್ನುತ್ತೇವೆ. ಮೂವತ್ತೈದು ದಾಟದ, ಸದಾ ಧೂಳಿನ ಬೂಟು ಹಾಕಿಕೊಂಡು ನಾನು ಒರೆಸಿದ ನೆಲದ ಮೇಲೆಯೇ ನಡೆಯುವ ಹೆಂಗಸು. ಬೆಟ್ಟದ ಬುಡದಲ್ಲಿ ಅದೇ ಕಾಲದ ಒಂದು ಹಳ್ಳಿಯ ಪಾಯಗಳು ಸಿಕ್ಕಿದ್ದವು, ಅವರು ಅಲ್ಲಿ ಅಗೆಯುತ್ತಿದ್ದರು. ಬೆಟ್ಟದ ನೆತ್ತಿ ಕುರಿಯವರ ತಂಗುದಾಣವಲ್ಲ, ಜನ ಬೆಟ್ಟವನ್ನೇ ಪೂಜಿಸಿದ ಜಾಗ ಎಂಬುದು ಅವರ ನಂಬಿಕೆ. ಟೀ ಹೊತ್ತಿಗೆ ಸಾಹೇಬರಿಗೂ ಅವರಿಗೂ ದಿನಾ ಇದೇ ವಾದ.

"ಮೂರು ತಿಂಗಳು ಅಗೆದ್ರೂ ನಿಮಗೆ ಅಡುಗೆ ಮಡಕೆ ಒಂದೂ ಸಿಗಲಿಲ್ಲ. ಮಲಗೋಕೆ ಸಮ ಮಾಡಿದ ನೆಲ ಸಿಗಲಿಲ್ಲ. ಎಲುಬಿಲ್ಲ. ಬರೀ ಬೂದಿ, ಬರೀ ಬಟ್ಟಲು. ಆ ಕುರಿ ಕಾಯೋರು ಅಲ್ಲಿ ಏನು ತಿಂತಿದ್ರು ಸಾರ್, ಗಾಳಿನಾ?"

"ಬುತ್ತಿ ಕಟ್ಕೊಂಡು ಹೋಗಿರಬಹುದು. ನಿಮ್ಮ ಮಾತು ಕೇಳೋಕೆ ಚೆನ್ನಾಗಿದೆ ಮೇಡಂ. ಪುರಾವೆ ಎಲ್ಲಿ?"

ಸಾಹೇಬರು ಕೆಟ್ಟವರಲ್ಲ. ಪುರಾವೆ ಎಂಬ ಪದವನ್ನು ನಲವತ್ತು ವರ್ಷ ನಂಬಿ ಬದುಕಿದವರು. ಮೇಡಂ ಬಳಿ ಅದು ಇರಲಿಲ್ಲ. ಮುಂದಿನ ತಿಂಗಳು ಅವರ ಉತ್ಖನನದ ಅವಧಿ ಮುಗಿಯುವುದರಲ್ಲಿತ್ತು. ಬರಿಗೈಯಲ್ಲಿ ವರದಿ ಬರೆದರೆ ಬೆಟ್ಟದ ಕಡತ ಮುಚ್ಚಿದಂತೆಯೇ.

ಆಗ ಅವರಿಗೊಂದು ವಿಚಿತ್ರ ಸಿಕ್ಕಿತು. ಹಳ್ಳಿಯ ಏಳು ಮನೆಗಳ ಪೈಕಿ ಆರರಲ್ಲಿ, ಹೊಸ್ತಿಲ ಕಲ್ಲಿನ ಕೆಳಗೆ, ಕವುಚಿ ಹೂತಿಟ್ಟ ಒಂದೊಂದು ಮಡಕೆ ಚೂರು. ಮನೆಯ ಮಡಕೆಗಳೆಲ್ಲ ಕೆಂಪು, ಈ ಚೂರುಗಳು ಕಪ್ಪು. ಯಾಕೆಂದು ಅವರಿಗೂ ತಿಳಿಯಲಿಲ್ಲ. ಆರನ್ನೂ ಆರು ಪುಟ್ಟ ಡಬ್ಬಿಗಳಲ್ಲಿ ಹಾಕಿ ಚಿಕ್ಕಮ್ಮನ ಮೇಜಿಗೆ ಕಳಿಸಿದರು. ತೊಳೆದು, ನಂಬರ್ ಬರೆದು ಇಡಿ ಅಂತ.

ಆ ದಿನದಿಂದ ಚಿಕ್ಕಮ್ಮನ ಸ್ವಭಾವ ಬದಲಾಯಿತು. ನನ್ನ ಕೌಂಟರಿನ ಮುಂದೆ ಹಾದುಹೋಗುವಾಗ "ಊಟ ಆಯ್ತೇನೇ" ಎನ್ನುವುದನ್ನು ಬಿಟ್ಟಳು. ಮೂರು ಸಲ ಗಾಜಿನ ಪೆಟ್ಟಿಗೆಯ ಹಿಂದೆ ಹೋಗಿ, ಗೋಡೆಗೂ ಗಾಜಿಗೂ ಮಧ್ಯದ ಸಂದಿಯಲ್ಲಿ ತಲೆ ತೂರಿಸಿ ಏನೋ ನೋಡಿದಳು. ಕಾವಲುಗಾರ "ಅಂಟಮ್ಮನಿಗೆ ಬಟ್ಟಲುಗಳನ್ನ ಬಿಟ್ಟು ಹೋಗೋ ದುಃಖ" ಅಂದ. ನಾನೂ ಹಾಗೇ ಅಂದುಕೊಂಡೆ. ಬೀಳ್ಕೊಡುಗೆಯ ದಿನ ಆ ಪೆಟ್ಟಿಗೆಯ ಕೆಳಗೆ ಅವಳ ಹೆಸರಿನ ಹಿತ್ತಾಳೆ ಫಲಕ ಹಾಕಿಸುವುದೆಂದು ಸಾಹೇಬರು ಆಗಲೇ ಹೇಳಿಬಿಟ್ಟಿದ್ದರು. ನಮ್ಮ ಮ್ಯೂಸಿಯಂನಲ್ಲಿ ರಾಜರ ಹೆಸರಿದೆ, ಸಾಹೇಬರ ಹೆಸರಿದೆ, ಕೂಲಿಗೆ ಬಂದವರ ಹೆಸರು ಎಲ್ಲೂ ಇಲ್ಲ.

ನಾಲ್ಕನೇ ದಿನ ಅವಳಾಗಿಯೇ ನನ್ನನ್ನು ಕರೆದಳು. ಹಿಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿದ ಅವಳ ಮೇಜು, ಅದರ ಮೇಲೆ ಮರಳಿನ ತಟ್ಟೆ, ಬಾಟಲಿಗಳು, ದೀಪ. ಐದನೇ ಡಬ್ಬಿ ತೆಗೆದು ಚೂರನ್ನು ನನ್ನ ಅಂಗೈಗೆ ಹಾಕಿದಳು. ಎರಡು ಬೆರಳಗಲ. ಕಪ್ಪು. ಕಾಗೆಬಂಗಾರದ ಮಿಣುಕು.

"ಈ ಗೆರೆ ನೋಡು" ಅಂದಳು. ಅಂಚಿನ ಕೆಳಗೆ ಅಲೆಯಾಗಿ ಗೀರಿದ ಗೆರೆ, ಒಂದು ಕೊನೆಯಲ್ಲಿ ಗಕ್ಕನೆ ಮೇಲಕ್ಕೆ ಜಿಗಿದಿತ್ತು. "ಕುಂಬಾರನಿಗೆ ಕೆಮ್ಮು ಬಂತೋ, ಯಾರಾದ್ರೂ ಕರೆದ್ರೋ, ಕೈ ತಪ್ಪಿದೆ. ಆ ತಪ್ಪಿನ ಇನ್ನೊಂದರ್ಧ ನನ್ನ ಮೊದಲನೇ ಬಟ್ಟಲಲ್ಲಿದೆ. ಮೂವತ್ತೊಂದು ವರ್ಷದಿಂದ ಅದನ್ನ ನೋಡ್ತಾ ಇದ್ದೀನಿ, ನನಗೆ ಗೊತ್ತಾಗಲ್ವಾ?"

ನನಗೆ ಖುಷಿಯಾಯಿತು. "ಮತ್ತೆ ಹೇಳು ಮೇಡಂಗೆ! ಕುಣಿದಾಡ್ತಾರೆ!"

"ಹೇಳೋದೇನೋ ಹೇಳಬಹುದು" ಅಂದಳು. "ಅವರು ಕೇಳೋದು ಒಂದೇ. ಕೂಡುತ್ತಾ ಅಂತ. ಗೆರೆ ಹೋಲುತ್ತೆ ಅಂದ್ರೆ ಸಾಲದು, ಅಂಥ ಗೆರೆ ಸಾವಿರ ಮಡಕೆ ಮೇಲೆ ಇರುತ್ತೆ. ಮುರಿದ ಜಾಗ ಮುರಿದ ಜಾಗಕ್ಕೆ ಕೂರಬೇಕು. ನಾನು ಅದನ್ನೇ ಉಜ್ಜಿ ಹಾಕಿದ್ದೀನಲ್ಲೇ."

ಆಗಲೇ ಅವಳು ಅರದ ವಿಷಯವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹತ್ತನ್ನು ಉಜ್ಜಿದ್ದು ಖಂಡಿತ. ಮೊದಲನೆಯದನ್ನು? ನೆನಪಿಲ್ಲ. ಅದನ್ನು ಮಾಡುವಾಗ ಅರ ಇರಲಿಲ್ಲ, ನಿಜ. ಆದರೆ ಆಮೇಲೆ ಯಾವಾಗಲೋ ಆ ಊದಿದ ಕೆನ್ನೆಯನ್ನು ಸರಿಪಡಿಸಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡಿದ್ದಳು. ಬಿಚ್ಚಿದ್ದಳೋ, ಹಾಗೇ ಇಟ್ಟಿದ್ದಳೋ? ಗಾಜಿನ ಹಿಂದಿನಿಂದ ನೋಡಿದರೆ ತಿಳಿಯುವುದಿಲ್ಲ. ಬಿಚ್ಚಿ ನೋಡಬೇಕು. ಬಿಚ್ಚಬೇಕಾದರೆ ಹೇಳಬೇಕು.

"ಹೇಳದೇ ಇದ್ರೆ?" ಎಂದು ನಾನು ಕೇಳಿದೆ. ನಾನು ಒಳ್ಳೆಯವಳೆಂದು ಯಾರೂ ಅಂದಿಲ್ಲ. "ಮೂರು ವಾರ. ಫಲಕ ಹಾಕಿಸ್ಕೊಂಡು ಮನೆಗೆ ಹೋಗ್ತೀಯ. ಆ ಬಣ್ಣದ ಕೆಳಗೆ ಏನಿದೆ ಅಂತ ಇನ್ನು ನೂರು ವರ್ಷ ಯಾರೂ ಕೇಳಲ್ಲ."

ಅವಳು ನನ್ನ ಕೈಯಿಂದ ಚೂರು ತೆಗೆದುಕೊಂಡು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅವಳ ಮೇಲೋ ನನ್ನ ಮೇಲೋ ಗೊತ್ತಿಲ್ಲ.

ಸಂಜೆ ಅವಳ ಮನೆಗೆ ಹೋದೆ. ಎರಡು ಕೋಣೆಯ ಮನೆ, ಅಡುಗೆಮನೆಯ ಮೇಜಿನ ಸುತ್ತ ಮೂರು ಕುರ್ಚಿ. ಚಿಕ್ಕಪ್ಪ ನಿವೃತ್ತರಾಗಿ ಎರಡು ವರ್ಷವಾಗಿದೆ, ಮೊಣಕಾಲು ನೋವು. "ಮಡಕೆ ಎಲ್ಲ ಅಂಟಿಸ್ತಾಳೆ, ನನ್ನ ಮೊಣಕಾಲು ಅಂಟಿಸು ಅಂದ್ರೆ ಅಂಟು ಖಾಲಿ ಅಂತಾಳೆ" ಎಂಬುದು ಅವರ ಎಂದಿನ ಸ್ವಾಗತ. ಆ ದಿನ ಅವರು ಅದನ್ನೂ ಹೇಳಲಿಲ್ಲ. ಮೇಜಿನ ಮೇಲೆ ಆ ಅರ ಇತ್ತು. ಹಿಡಿ ಸವೆದಿತ್ತು.

"ರೀ, ಇದನ್ನ ನೀವು ಯಾವಾಗ ತಂದುಕೊಟ್ಟಿದ್ದು, ಸರಿಯಾಗಿ ನೆನಪು ಮಾಡ್ಕೊಳ್ಳಿ."

"ನೀನು ಕೆಲಸಕ್ಕೆ ಸೇರಿದಾಗಲೇ ತಂದುಕೊಟ್ಟೆ."

"ತೊಳೆಯೋ ಕೆಲಸಕ್ಕಾ? ಜೋಡಿಸೋ ಕೆಲಸಕ್ಕಾ?"

"ಕೆಲಸ ಅಂದ್ರೆ ಕೆಲಸ. ಅರ ಬೇಕು ಅಂದೆ, ತಂದೆ. ಮೂವತ್ತು ವರ್ಷದ ಮೇಲೆ ಪೊಲೀಸಿನೋರ ಹಾಗೆ ಕೇಳ್ತಿದೀಯಲ್ಲ!" ಎಂದು ಚಿಕ್ಕಪ್ಪ ಗೊಣಗಿದರು. ಆಮೇಲೆ ಅರವನ್ನು ಎತ್ತಿ, ದೀಪಕ್ಕೆ ಹಿಡಿದು, ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿದರು. "ಡಿಪೋದಲ್ಲಿ ಒಂದು ಸಲ ಬ್ರೇಕಿನ ಭಾಗ ಒಂದನ್ನ ಜಾಸ್ತಿ ಉಜ್ಜಿಬಿಟ್ಟಿದ್ದೆ. ಹೊರಗಿಂದ ಚೆನ್ನಾಗೇ ಕಾಣ್ತಿತ್ತು. ಬೆಳಗ್ಗೆ ಬಸ್ ಹೊರಡೋದಕ್ಕೆ ಮುಂಚೆ ಹೋಗಿ ಹೇಳಿದೆ. ಬೈದ್ರು. ಬೈಸ್ಕೊಂಡೆ. ಆ ಬಸ್ ಹೊರಡಲಿಲ್ಲ ನೋಡು, ಅಷ್ಟೇ ಸಮಾಧಾನ."

ಅವಳು ಅರವನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು.

ಮರುದಿನ ಬೆಳಗ್ಗೆ ಟೀ ಹೊತ್ತಿಗೆ, ಸಾಹೇಬರೂ ಮೇಡಂ ಕೂಡ ಎಂದಿನ ವಾದ ಶುರುಮಾಡುವ ಮುಂಚೆಯೇ, ಚಿಕ್ಕಮ್ಮ ಅವರ ಮುಂದೆ ಹೋಗಿ ನಿಂತಳು. ಮೇಜಿನ ಮೇಲೆ ಐದನೇ ಡಬ್ಬಿ ಇಟ್ಟಳು. ಪಕ್ಕದಲ್ಲಿ ಅರ ಇಟ್ಟಳು. ನಾನು ಕೌಂಟರಿಗೆ ಬೀಗ ಹಾಕಿ ಬಾಗಿಲ ಬಳಿ ನಿಂತಿದ್ದೆ. ಹೊರಗೆ ಯಾರೋ ಟಿಕೆಟ್ ಟಿಕೆಟ್ ಎಂದು ಕೂಗುತ್ತಿದ್ದರು, ಕೂಗಲಿ.

"ಸಾರ್, ಆ ಹನ್ನೊಂದು ಬಟ್ಟಲಿಗೂ ಅಂಚಲ್ಲಿ ಒಂದೊಂದು ಚೂರು ಇರಲಿಲ್ಲ. ಎಲ್ಲದಕ್ಕೂ ಹೆಚ್ಚುಕಮ್ಮಿ ಎರಡು ಬೆರಳಗಲ. ನಾನು ತುಂಬಿದೆ. ತುಂಬೋ ಮುಂಚೆ ಮುರಿದ ಅಂಚನ್ನ ಇದರಲ್ಲಿ ಉಜ್ಜಿದೆ. ಆ ಚೂರುಗಳು ಎಲ್ಲಿ ಹೋಗಿವೆ ಅಂತ ಈಗ ಗೊತ್ತಾಗಿದೆ. ಹೊಸ್ತಿಲ ಕೆಳಗೆ ಇವೆ."

ಮೇಡಂ ಕೈಯಲ್ಲಿದ್ದ ಟೀ ಕಪ್ಪು ಹಾಗೇ ನಿಂತಿತು. ಅವರ ಮುಖದಲ್ಲಿ ಸಂತೋಷ ಬಂದದ್ದನ್ನೂ ಅದರ ಬೆನ್ನಿಗೇ ಬಣ್ಣ ಇಳಿದದ್ದನ್ನೂ ನಾನು ನೋಡಿದೆ. "ಉಜ್ಜಿದ್ರಾ? ಹನ್ನೊಂದನ್ನೂ?" ಅಂದರು. ದನಿ ಗಟ್ಟಿಯಾಯಿತು. "ಅಮ್ಮ, ಇದು... ಸಾಕ್ಷಿ ಹೇಳಬೇಕಾದವನ ನಾಲಿಗೆ ಕತ್ತರಿಸಿದ ಹಾಗೆ ಅಲ್ವಾ?"

"ಹೌದು ಮೇಡಂ" ಅಂದಳು ಚಿಕ್ಕಮ್ಮ. "ಮೊದಲನೇದು ಒಂದು ಉಳಿದಿದೆಯೋ ಏನೋ. ಬಿಚ್ಚಿ ನೋಡಬೇಕು. ಬಿಚ್ಚೋಕೆ ಅಪ್ಪಣೆ ಕೊಡಿ."

ಸಾಹೇಬರು ಅರವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಅವರ ಪುಸ್ತಕ, ಅವರ ಟಿಕೆಟ್ಟಿನ ಚಿತ್ರ, ಅವರ ಕುರಿ ಕಾಯುವವರು. ಒಂದು ಮಾತು ಹೇಳಿ ಎಲ್ಲವನ್ನೂ ಉಳಿಸಿಕೊಳ್ಳಬಹುದಿತ್ತು: ಪ್ರದರ್ಶನದ ವಸ್ತುಗಳನ್ನು ಮುಟ್ಟುವ ಹಾಗಿಲ್ಲ. ನಾನು ಆ ಮಾತಿಗೆ ಕಾದಿದ್ದೆ, ಬಂದರೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಮಸೆಯುತ್ತಿದ್ದೆ. ಬರಲಿಲ್ಲ.

"ಪೂರ್ತಿ ಬಟ್ಟಲು ಬೇಕು ಅಂದಿದ್ದು ನಾನು" ಎಂದರು ಸಾಹೇಬರು. "ಬೀಗದ ಕೈ ತಗೊಳ್ಳಿ."

ಹನ್ನೊಂದು ಬಟ್ಟಲುಗಳೂ ಹಿಂದಿನ ಕೋಣೆಗೆ ಬಂದವು. ಪೆಟ್ಟಿಗೆಯಲ್ಲಿ 'ದುರಸ್ತಿಯಲ್ಲಿದೆ' ಎಂಬ ಚೀಟಿ ಇಟ್ಟರು. ಚಿಕ್ಕಮ್ಮ ಪ್ಲಾಸ್ಟರಿನ ಮೇಲೆ ಒದ್ದೆ ಹತ್ತಿ ಹೊದಿಸಿ, ಅದು ನೆನೆದು ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯತೊಡಗಿದಳು. ದಿನಕ್ಕೆ ಎರಡು. ನಾಲ್ಕು ವರ್ಷದ ಕೆಲಸವನ್ನು ಅವಳ ಕೈಯೇ ಬಿಚ್ಚುವುದನ್ನು ನೋಡಲು ನನಗಾಗುತ್ತಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ. ಹತ್ತು ಚೆಂದದವನ್ನು ಅವಳು ಮೊದಲು ಬಿಚ್ಚಿದಳು. ಒಂದೊಂದರ ಅಂಚೂ ನಯವಾಗಿತ್ತು, ಹೊಳೆಯುವಷ್ಟು ನಯ. ಮೇಡಂ ಹೊಸ್ತಿಲ ಚೂರುಗಳನ್ನು ಒಂದಾದ ಮೇಲೊಂದು ಹಿಡಿದು ನೋಡಿದರು. ಎರಡು ಚೂರು ಎರಡು ಬಟ್ಟಲಿಗೆ ಸರಿಹೋಗುವಂತಿದ್ದವು, ಆದರೆ ನಡುವೆ ಉಗುರು ತೂರುವಷ್ಟು ಸಂದಿ. "ಇರಬಹುದು" ಎಂದು ಬರೆದುಕೊಂಡರು. "ಇರಬಹುದು" ಎಂದು ಬರೆಯುವಾಗಲೆಲ್ಲ ಚಿಕ್ಕಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು.

ಆರನೇ ದಿನ ಮಧ್ಯಾಹ್ನ ಮೊದಲನೇ ಬಟ್ಟಲಿನ ಸರದಿ. ಸಾಹೇಬರೂ ಬಂದು ಸ್ಟೂಲಿನ ಮೇಲೆ ಕೂತರು. ಹತ್ತಿ ತೆಗೆದಾಗ ಆ ಊದಿದ ಕೆನ್ನೆ ಒದ್ದೆಯಾಗಿ ಇನ್ನಷ್ಟು ಕುರೂಪವಾಗಿ ಕಂಡಿತು. ಚಿಕ್ಕಮ್ಮ ಕೆರೆದಳು. ಗೋಡೆಗೆ ಬಳಿಯುವ ಒರಟು ಪ್ಲಾಸ್ಟರ್, ಪದರ ಪದರವಾಗಿ ಎದ್ದು ಬಂತು. ಕೊನೆಯ ಗಂಟು ಬಿಟ್ಟಾಗ ಅವಳು ನೋಡಲಿಲ್ಲ. ಕಣ್ಣು ಮುಚ್ಚಿ, ಉಗುರಿನ ಬದಲು ಬೆರಳ ತುದಿಯನ್ನೇ ಅಂಚಿನ ಮೇಲಿಟ್ಟಳು.

"ಒರಟಾಗಿದೆ" ಅಂದಳು. ಕಣ್ಣು ಬಿಡದೆಯೇ ನಗತೊಡಗಿದಳು, ನಗುತ್ತಾ ಅತ್ತಳು. "ಮುಟ್ಟೇ ಇಲ್ಲ ನಾನು ಇದನ್ನ! ಸೋಮಾರಿ ನಾನು, ಸದ್ಯ!"

ಐದನೇ ಡಬ್ಬಿಯ ಚೂರನ್ನು ಕೂರಿಸಿದವರು ಮೇಡಂ. ಒತ್ತಬೇಕಾಗಲಿಲ್ಲ. ಟಕ್ ಎಂದು ಕೂತಿತು. ಕುಂಬಾರನ ಕೈ ತಪ್ಪಿದ ಗೆರೆ ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಗೆ ಇಳಿಯಿತು. ಮೇಡಂ ಚಿಕ್ಕಮ್ಮನ ಕೈ ಹಿಡಿದು, ಅವಳ ತೋರುಬೆರಳನ್ನು ಸಂದಿನ ಮೇಲೆ ತಂದಿಟ್ಟರು. ಉಗುರು ಸಿಕ್ಕಿಕೊಳ್ಳಲಿಲ್ಲ.

ಮೇಡಂ ನಿಧಾನವಾಗಿ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಮಾತಾಡಿದರು. "ಬೆಟ್ಟ ಹತ್ತಿ ಬಂದ್ರು. ಬೆಂಕಿ ಹಾಕಿದ್ರು. ಬಟ್ಟಲಲ್ಲಿ ಏನೋ ತಂದು ಬೆಟ್ಟಕ್ಕೆ ಎರೆದ್ರು ಅಂತ ಕಾಣುತ್ತೆ. ಆಮೇಲೆ ಅಂಚಿಂದ ಒಂದು ಚೂರು ಮುರ್ಕೊಂಡು, ಬಟ್ಟಲನ್ನ ಅಲ್ಲೇ ಬಿಟ್ಟು, ಚೂರನ್ನ ಮನೆಗೆ ತಂದು ಹೊಸ್ತಿಲ ಕೆಳಗೆ ಹೂತ್ರು. ಮನೆ ಮನೆಯೋರೂ ಹಾಗೇ ಮಾಡಿದ್ದಾರೆ. ಅಗೆಯೋರು ಕಳೆದಿದ್ದಲ್ಲ ಅಮ್ಮ, ಅವರೇ ಬೇಕಂತ ಬಿಟ್ಟ ಜಾಗ ಅದು."

ಸಾಹೇಬರು ಸ್ಟೂಲಿನಿಂದ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡರು. "ನನ್ನ ನಾಲ್ಕನೇ ಅಧ್ಯಾಯ ಹೋಯ್ತು" ಅಂದರು. ಬಾಗಿಲ ತನಕ ಹೋಗಿ ತಿರುಗಿದರು. "ಆ ಕುರಿಗಳು ಪಾಪ, ಇನ್ನು ಎಲ್ಲಿ ಹೋಗ್ತವೋ." ಅವರು ನಗಿಸಲು ನೋಡುತ್ತಿದ್ದರು. ನಮಗೂ ನಗು ಬಂತು. ಆದರೆ ಅವರಿಗೆ ನೋವಾಗಿತ್ತು, ಅದೂ ಕಾಣುತ್ತಿತ್ತು.

ಚಿಕ್ಕಮ್ಮನ ಕೊನೆಯ ದಿನ ಪೆಟ್ಟಿಗೆಯನ್ನು ಮತ್ತೆ ಜೋಡಿಸಿದರು. ಹಿತ್ತಾಳೆ ಫಲಕ ಬಂದಿತ್ತು, ಬೇಡವೆಂದಳು. "ಹಾಕೋದಾದ್ರೆ ಪೂರ್ತಿ ಹಾಕಿ" ಎಂದು ಪಟ್ಟು ಹಿಡಿದು, ಕೆಳಗಿನ ವಿವರದ ಚೀಟಿಯಲ್ಲಿ ಎರಡು ಸಾಲು ಸೇರಿಸಿದಳು: 'ಈ ಹನ್ನೊಂದು ಬಟ್ಟಲುಗಳನ್ನು ಜೋಡಿಸಿದವಳು ಈ ಮ್ಯೂಸಿಯಂನ ಅಂಟಮ್ಮ. ಇವುಗಳಲ್ಲಿ ಹತ್ತರ ಮುರಿದ ಅಂಚನ್ನು ಉಜ್ಜಿ ಕೆಡಿಸಿದವಳೂ ಅವಳೇ.' ಮೇಡಂ 'ಕೆಡಿಸಿದವಳು' ಎಂಬುದನ್ನು ತೆಗೆಯೋಣ ಅಂದರು. ಇವಳು ಒಪ್ಪಲಿಲ್ಲ.

ಬಟ್ಟಲುಗಳು ಒಂದೇ ಸಾಲಿನಲ್ಲಿ ನಿಂತವು, ಅಂಚಿನ ತೂತುಗಳು ಜನರ ಕಡೆಗೆ. ಮಧ್ಯದಲ್ಲಿ ಮೊದಲನೆಯದು, ಅದರ ಕೆಳಗಿನ ಹಲಗೆಯ ಮೇಲೆ ಹಳ್ಳಿಯ ಹೊಸ್ತಿಲಿನ ಫೋಟೋ. ಸಾಹೇಬರು ಅಂಟಿನ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಕೈಗೆ ಕೊಟ್ಟರು. "ಕೊನೇ ಜೋಡಣೆ, ಅಂಟಮ್ಮ. ನಿಮ್ಮ ಕೈಯಿಂದಲೇ ಆಗಲಿ" ಅಂದರು. ಚಿಕ್ಕಪ್ಪ ಕುಂಟುತ್ತಾ ಬಂದು ಮುಂದೆಯೇ ನಿಂತಿದ್ದರು. ಕಾವಲುಗಾರ ಚಪ್ಪಾಳೆ ತಟ್ಟಲು ಕೈ ಎತ್ತಿದ್ದ.

ಅವಳು ಚೂರನ್ನು ಅದರ ಜಾಗದಲ್ಲಿ ಕೂರಿಸಿದಳು. ಕಣ್ಣು ಮುಚ್ಚಿ ಉಗುರು ಎಳೆದಳು, ಒಂದು ಸಲ, ಇನ್ನೊಂದು ಸಲ. ಆಮೇಲೆ ಅದನ್ನು ಹೊರತೆಗೆದು, ಬಟ್ಟಲಿನ ಕೆಳಗಿನ ಹಲಗೆಯ ಮೇಲೆ, ಹೊಸ್ತಿಲ ಫೋಟೋದ ಮುಂದೆ ಇಟ್ಟಳು.

"ಬೇಡ ಸಾರ್" ಅಂದಳು. "ಇದನ್ನ ಮನೆಗೆ ಅಂತ ತಗೊಂಡು ಹೋಗಿದ್ರು. ಮನೇಲೇ ಇರಲಿ."

ಅಂಟಿನ ಬಾಟಲಿ ಇನ್ನೂ ಅವಳ ಎಡಗೈಯಲ್ಲಿತ್ತು, ಮುಚ್ಚಳ ಸಾಹೇಬರ ಕೈಯಲ್ಲಿ. ತೆರೆದಿಟ್ಟರೆ ಒಣಗಿಹೋಗುತ್ತದೆ. ಅವಳು ಮುಚ್ಚಳ ಇಸಿದುಕೊಂಡು, ತಿರುಗಿಸಿ ಬಿಗಿ ಮಾಡಿ, ಅವರಿಗೆ ವಾಪಸು ಕೊಟ್ಟಳು.